ಚನ್ನಪಟ್ಟಣದ ಮನೆ ಕೈಲಾಂಚಕ್ಕೆ ಬಂದದ್ದು

ಹಿಂದೆ, ತುಂಬ ಹಿಂದೇನಲ್ಲ, ಮೈಸೂರಿಗೆ ಹೋಗುವವರು ಹೊಸ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ಊರ ಹೊರಗಿನಿಂದಲೇ ದಾಟಿಹೋಗುವುದನ್ನು ಕಲಿತ ಮೇಲಿನ ಕಾಲದಲ್ಲಿ, ಕೈಲಾಂಚದ ಪಕ್ಕದ ಹಳ್ಳಿಯೊಂದರಲ್ಲಿ ಬಾಲರಾಜು ಎಂಬ ಅಳಿಯನಿದ್ದ. ರಾಜಕುಮಾರರಿಗೆ ಏಳು ಸಮುದ್ರದಾಚೆ ಕೆಲಸವಿರುತ್ತದೆ. ಇವನಿಗೆ ಮಾವನ ಮನೆಯ ಮಹಡಿ ಮೇಲೆ ಕೆಲಸ. ದೊಡ್ಡ ಪರದೆಗೆಂದು ಮಾಡಿದ ಜಾಲತಾಣದ ಪುಟಗಳನ್ನು ಮೊಬೈಲಿನ ಅಂಗೈಯಗಲಕ್ಕೆ ಕುಗ್ಗಿಸುವುದು ಅವನ ವೃತ್ತಿ. ಬೆಳಿಗ್ಗೆ ಒಂಬತ್ತಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿ ಬಾಗಿಲು ಹಾಕಿಕೊಂಡರೆ ಸಂಜೆ ಆರರವರೆಗೆ ಅವನು ಲೋಕಕ್ಕಿಲ್ಲ, ಲೋಕ ಅವನಿಗಿಲ್ಲ.

ಅವನಿಗೊಂದು ಸಿದ್ಧಾಂತವಿತ್ತು. ಹೆಬ್ಬೆರಳಿಗೆ ಒಂದು ಸಲಕ್ಕಿಂತ ಹೆಚ್ಚು ಕೆಲಸ ಕೊಡುವ ಪುಟ ಪುಟವೇ ಅಲ್ಲ. ಮನುಷ್ಯ ಕೇಳಬೇಕು, ಒತ್ತಬೇಕು, ಪಡೆಯಬೇಕು. ನಡುವೆ ಯೋಚಿಸುವಂತಾದರೆ ಅದು ಪುಟ ಮಾಡಿದವನ ಸೋಲು. ಈ ಮಾತನ್ನು ಅವನು ಕಂಪನಿಯ ಸಭೆಗಳಲ್ಲಿ ಹೇಳಿದ್ದ, ಕ್ಷೌರದಂಗಡಿಯಲ್ಲಿ ಹೇಳಿದ್ದ, ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಗೂ ಹೇಳಿದ್ದ.

“ಹಸ ಕರ್ಯೋಕೂ ಒಂದೇ ಕಿತ ಒತ್ತಿದ್ರೆ ಆಯ್ತದಾ ಅಳಿಯಂದ್ರೇ?” ಎಂದು ಪಕ್ಕದ ಮನೆಯ ಬೋರಲಿಂಗಯ್ಯ ಕೇಳಿದ್ದ. ಬಾಲರಾಜು ಅದನ್ನು ಗಂಭೀರವಾಗಿಯೇ ತೆಗೆದುಕೊಂಡು, ಎರಡು ದಿನ ಯೋಚಿಸಿದ್ದ.

ಮಾವ ರಾಮಲಿಂಗಯ್ಯನವರದು ಬೇರೆಯೇ ಸಿದ್ಧಾಂತ. ಅವರದು ರೇಷ್ಮೆಹುಳ ಸಾಕುವ ಮನೆ. ರಸ್ತೆಗೆ ಮುಖ ಮಾಡಿ ಹುಳಮನೆ, ಅದರ ಹಿಂದೆ ಜನರಿರುವ ಮನೆ. ಆ ಕ್ರಮದಿಂದಲೇ ಯಾರಿಗೆ ಹೆಚ್ಚು ಮರ್ಯಾದೆ ಎಂದು ತಿಳಿಯುತ್ತಿತ್ತು. ಹುಳಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಸೆಂಟಿನ ವಾಸನೆ ಕೂಡದು, ಊದುಬತ್ತಿ ಕೂಡದು, ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಮೆಟ್ಟದೆ ದೇವರಿಗೂ ಪ್ರವೇಶವಿಲ್ಲ. ಒಮ್ಮೆ ಬಾಲರಾಜು ಕಂಕುಳಿಗೆ ಸ್ಪ್ರೇ ಹೊಡೆದುಕೊಂಡು ಒಳಗೆ ಹೋಗಿದ್ದಕ್ಕೆ ಮಾವ ಹದಿನೈದು ದಿನ ಅವನ ಜೊತೆ ಮಾತಾಡಿರಲಿಲ್ಲ. ಈಗಂತೂ ಹುಳಗಳು ಕೊನೆಯ ಹಂತಕ್ಕೆ ಬಂದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವುದಕ್ಕೆ ವಾರವಷ್ಟೇ ಉಳಿದಿತ್ತು.

ಅಂಥ ಒಂದು ಭಾನುವಾರ ಬಾಲರಾಜುವಿನ ಹೆಂಡತಿ ರಮ್ಯಾ ಅವನನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದಳು. ರಮ್ಯಾ ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅವಳ ಪಕ್ಕದಲ್ಲೇ ನಿಂತು ಕೆಲಸ ಮಾಡುವ ಸಾನಾಳ ತಾಯಿ ಜಹೀದಾ ಬೊಂಬೆ ಮಾಡುವವಳು. ಗಂಡ ಹೋದ ಮೇಲೆ ಹದಿನಾಲ್ಕು ವರ್ಷ ಮರ ಕಡೆಯುವ ಒಂದೇ ಲೇತಿನ ಮುಂದೆ ಕೂತು, ಹಾಲೆ ಮರದ ತುಂಡುಗಳನ್ನು ಬುಗುರಿ, ಗಿಲಕಿ, ಕುದುರೆ ಮಾಡಿ ಮಗಳನ್ನು ಓದಿಸಿದ್ದಳು. ಮನೆಯಲ್ಲಿ ಗೋಡೆಯುದ್ದಕ್ಕೂ ಬೊಂಬೆಗಳು. ಎಲ್ಲದರ ಮೇಲೂ ಒಂದು ಪದರ ದೂಳು.

“ಮೊದ್ಲು ಮೈಸೂರಿಗೆ ಹೋಗೋರೆಲ್ಲ ನಮ್ಮೂರೊಳಗೇ ಹೋಗ್ತಿದ್ರು,” ಎಂದಳು ಜಹೀದಾ, ಟೀ ಕೊಡುತ್ತಾ. “ಕಾರಲ್ಲಿ ಮಗು ಅಳ್ತದೆ, ನಿಲ್ಲಿಸ್ತಾರೆ, ಒಂದು ಬೊಂಬೆ ತಗೊಳ್ತಾರೆ. ಈಗ ಆಚೆ ರಸ್ತೆ. ಅಲ್ಲಿ ಅಳೋ ಮಕ್ಳು ಸೀದಾ ಮೈಸೂರಲ್ಲೇ ಸುಮ್ನಾಗ್ತವೆ.”

“ಹಂಗಾದ್ರೆ ಈ ಲೇತು?” ಎಂದಳು ರಮ್ಯಾ.

“ಬರೋ ಭಾನುವಾರ ಹಳೇ ಮಿಷನ್ ಕೊಳ್ಳೋ ಮುಕ್ತಿಯಾರ್ ಬಂದು ಬಿಚ್ಕೊಂಡು ಹೋಗ್ತಾನೆ. ಮಾತಾಗಿದೆ. ಸೋಮವಾರದಿಂದ ಹಾರೋಹಳ್ಳಿ ಫ್ಯಾಕ್ಟರೀಲಿ ಡಬ್ಬ ಪ್ಯಾಕಿಂಗ್.” ಜಹೀದಾ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅರಗಿನ ಕೆಂಪು ಉಗುರಿನೊಳಗೆ ಕೂತಿತ್ತು. “ಕೈಯೇನೋ ಇನ್ನೂ ಆಡ್ತದೆ ಕಣಮ್ಮ. ಯಾರಿಗೋಸ್ಕರ ಆಡ್ಲಿ?”

ಆಗ ಬಾಲರಾಜು ಎದ್ದು ನಿಂತ. ಅವನು ಹಾಗೆ ಎದ್ದು ನಿಂತಾಗಲೆಲ್ಲ ರಮ್ಯಾ ಅವನ ಅಂಗಿಯ ತುದಿ ಹಿಡಿದೆಳೆಯುತ್ತಿದ್ದಳು.

“ರಸ್ತೆ ಆಚೆ ಹೋದ್ರೆ ಹೋಗ್ಲಿ ಬಿಡಿ ಆಂಟಿ. ಈ ಕಾಲದಲ್ಲಿ ರಸ್ತೆ ಅಂದ್ರೆ ಇದು,” ಎಂದು ಫೋನನ್ನು ಆರತಿಯಂತೆ ಎತ್ತಿ ಹಿಡಿದ. “ಮುಂದಿನ ಭಾನುವಾರದೊಳಗೆ ನಿಮ್ಮ ಬಾಗಿಲಿಗೆ ಇಪ್ಪತ್ತು ಜನ ಬರ್ತಾರೆ. ಇದು ನನ್ನ ಮಾತು.”

“ನಮ್ಮ ಗಲ್ಲಿಗೆ ಕೊರಿಯರ್‌ನೋನೇ ಬರಲ್ಲ,” ಎಂದ ಎದುರುಮನೆಯ ಸಮೀವುಲ್ಲಾ, ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವನು. “ಇಪ್ಪತ್ತು ಜನ ಬಂದ್ರೆ ನಿಲ್ಲೋದೆಲ್ಲಿ? ನನ್ನ ತಲೆ ಮೇಲಾ?”

ಜಹೀದಾ ಮಾತ್ರ ನಗಲಿಲ್ಲ. “ಇಪ್ಪತ್ತು ಜನ ಬಂದ್ರೆ ಮುಕ್ತಿಯಾರ್‌ನ ವಾಪಸ್ ಕಳಿಸ್ತೀನಿ ಮಗಾ. ಬರ್ಲಿಲ್ಲ ಅಂದ್ರೆ ನಿನ್ನ ಮೇಲೆ ಬೇಜಾರಿಲ್ಲ.”

ಬೇಜಾರಿಲ್ಲ ಎಂಬ ಆ ಮಾತೇ ಬಾಲರಾಜುವನ್ನು ಚುಚ್ಚಿತು. ಸೋಮವಾರ ಕಂಪನಿಯ ಕೆಲಸವನ್ನೆಲ್ಲ ಬದಿಗಿಟ್ಟು, ಮಹಡಿ ಮೇಲೆ ಕೂತು ‘ಜಹೀದಾ ಬೊಂಬೆ ಮನೆ’ ಎಂಬ ಪುಟ ಮಾಡಿದ. ಚಿತ್ರಗಳು ಚೆಂದವಾಗಿದ್ದವು, ಅಕ್ಷರಗಳು ದುಂಡಗಿದ್ದವು. ಕೊನೆಗೆ ನಕ್ಷೆಯಲ್ಲಿ ಗುರುತು ಹಾಕುವ ಹೊತ್ತಿಗೆ ಫೋನು ವಿನಯದಿಂದ ಕೇಳಿತು: ನೀವಿರುವ ಸ್ಥಳವನ್ನೇ ಬಳಸಲೇ? ಬೇಡವೆಂದರೆ ರಸ್ತೆ, ಅಡ್ಡರಸ್ತೆ, ಪಿನ್‌ಕೋಡು ಎಂದು ಆರೇಳು ಸಲ ಒತ್ತಬೇಕು. ಹೌದೆಂದರೆ ಒಂದೇ ಸಲ. ಸಿದ್ಧಾಂತಿಯಾದವನು ಏನು ಮಾಡಬೇಕೋ ಅದನ್ನೇ ಬಾಲರಾಜು ಮಾಡಿದ. ಚನ್ನಪಟ್ಟಣದ ಬೊಂಬೆ ಮನೆ ಆ ಕ್ಷಣಕ್ಕೆ ಸದ್ದಿಲ್ಲದೆ ಎದ್ದು ಬಂದು ಕೈಲಾಂಚದ ಹುಳಮನೆಯ ಮೇಲೆ ಕೂತಿತು.

ಮಂಗಳವಾರ ಹತ್ತು ಗಂಟೆಗೆ ಮೊದಲ ಕಾರು ಬಂತು. ಗಂಡ, ಹೆಂಡತಿ, ಮಗು. ಮೂವರಿಂದಲೂ ಮೂರು ಬಗೆಯ ಪರಿಮಳ. ರಾಮಲಿಂಗಯ್ಯ ಹಿಪ್ಪುನೇರಳೆ ಸೊಪ್ಪಿನ ಹೊರೆ ಕೆಳಗೆ ಹಾಕಿ ಓಡಿಬಂದರು.

“ನಿಂತ್ಕಳಿ! ಅಲ್ಲೇ ನಿಂತ್ಕಳಿ! ಏನ್ ಸ್ವಾಮಿ, ಮದ್ವೆಗೆ ಬಂದಂಗೆ ಸೆಂಟು ಸುರ್ಕಂಡು ಬಂದಿದ್ದೀರಲ್ಲ?”

“ಬೊಂಬೆ ನೋಡೋಕೆ ಬಂದ್ವಿ.”

“ಇಲ್ಲಿ ಬೊಂಬೆ ಇಲ್ಲ. ಹುಳ ಐತೆ.”

“ಇಲ್ಲೇ ಅಂತ ತೋರಿಸ್ತಿದೆಯಲ್ಲ,” ಎಂದು ಆ ಮನುಷ್ಯ ಫೋನನ್ನು ರಾಮಲಿಂಗಯ್ಯನವರ ಮೂಗಿನವರೆಗೆ ತಂದ. ಮಗು ಅಳತೊಡಗಿತು. ಅತ್ತೆ ಸರಸಮ್ಮ, ಬಿಸಿಲಲ್ಲಿ ಮಗು ಅಳುವುದನ್ನು ನೋಡಲಾರದೆ, ಮೂವರಿಗೂ ಬ್ಲೀಚಿಂಗ್ ಪುಡಿ ಮೆಟ್ಟಿಸಿ ಹಿಂದಿನ ಜಗಲಿಗೆ ಕರೆದು ಮಜ್ಜಿಗೆ ಕೊಟ್ಟಳು. ಬಂದವರು ಅಳಿಯನ ಆಫೀಸಿನವರಿರಬೇಕು, ಮಾತು ಹಾಗೇ ವಕ್ರ ಎಂದು ಅತ್ತೆ ಮಾವ ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡರು. ಮಹಡಿ ಮೇಲೆ ಬಾಲರಾಜು ಹೆಡ್‌ಫೋನಿನೊಳಗೆ ಸುರಕ್ಷಿತವಾಗಿದ್ದ.

ಆ ದಂಪತಿ ಹೋಗುತ್ತಾ ಪುಟದಲ್ಲಿ ಅಭಿಪ್ರಾಯ ಬರೆದು ಹೋದರು. ಬೊಂಬೆ ಕಾಣಲಿಲ್ಲ, ಗಂಡಸು ಸಿಡುಕ, ಒಂದು ನಕ್ಷತ್ರ. ಆದರೆ ಅಜ್ಜಿ ಕೊಟ್ಟ ಮಜ್ಜಿಗೆ ಅಮೃತ, ಹಳ್ಳಿಯ ನಿಜವಾದ ಅನುಭವ, ಐದು ನಕ್ಷತ್ರ. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಕಾರು ಬಂದವು. ಬುಧವಾರ ಮಜ್ಜಿಗೆಯ ಸುದ್ದಿ ಹರಡಿತು.

ಬುಧವಾರ ಮಧ್ಯಾಹ್ನ ಬಾಲರಾಜು ಪುಟದ ಅಂಕಿಸಂಖ್ಯೆ ನೋಡಿದ. ನಲವತ್ತೊಂದು ಜನ ದಾರಿ ಕೇಳಿದ್ದರು. ಅವನಿಗೆ ಕಣ್ಣು ತುಂಬಿ ಬಂತು. ತಕ್ಷಣ ಜಹೀದಾಳಿಗೆ ಫೋನು ಮಾಡಿದ.

“ಹೊರಟವ್ರೆ ಆಂಟಿ! ನಲವತ್ತೊಂದು ಜನ!”

“ನಲವತ್ತೊಂದಾ?” ಜಹೀದಾಳ ದನಿ ಸಣ್ಣಗಾಯಿತು. “ಯಾ ಅಲ್ಲಾ, ಕೂರ್ಸೋದೆಲ್ಲಿ?”

ಅವಳು ಬೊಂಬೆಗಳ ದೂಳು ಒರೆಸಿದಳು. ಅಂಗಳಕ್ಕೆ ಚಾಪೆ ಹಾಸಿದಳು. ಪಕ್ಕದ ಮನೆಯಿಂದ ದೊಡ್ಡ ಪಾತ್ರೆ ತಂದು ನಲವತ್ತು ಲೋಟ ಟೀ ಕಾಯಿಸಿ ಹೊಸ್ತಿಲಲ್ಲಿ ಕೂತಳು. ಮೂರು ಗಂಟೆಯಾಯಿತು, ನಾಲ್ಕಾಯಿತು, ಐದಾಯಿತು. ಗಲ್ಲಿಯಲ್ಲಿ ಒಂದು ಮೇಕೆ ಬಂದು ಹೋಯಿತು. ಸಮೀವುಲ್ಲಾ ಎದುರಿಗೆ ಕೂತು ಎಂಟು ಲೋಟ ಟೀ ಕುಡಿದ.

“ನಲವತ್ತೊಂದರಲ್ಲಿ ನನ್ನ ಬಿಟ್ರೆ ಎಷ್ಟಾಯ್ತು?” ಎಂದ.

ಜಹೀದಾ ಅವನ ಕೈಯ ಲೋಟ ಇಸಿದುಕೊಂಡಳು. ಕತ್ತಲಾಗುವ ಮುಂಚೆ ಎದ್ದು ಚಾಪೆ ಸುತ್ತಿದಳು.

ಅದೇ ಸಂಜೆ ರಮ್ಯಾ ಕಾರ್ಖಾನೆಯ ಬಸ್ಸಿಳಿದು ಬಂದರೆ ತನ್ನ ಮನೆಯ ಗೇಟಿಗೆ ಹೋಗಲು ದಾರಿಯಿಲ್ಲ. ಏಳು ಕಾರು ಅಡ್ಡ ನಿಂತಿದ್ದವು. ಬೋರಲಿಂಗಯ್ಯ ಬೇಲಿ ಪಕ್ಕ ಎಳನೀರಿನ ರಾಶಿ ಹಾಕಿಕೊಂಡು, ಟವೆಲ್ ಬೀಸಿ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಅವಳು ಒಬ್ಬರ ಫೋನಿನೊಳಗೆ ಇಣುಕಿ ನೋಡಿ, ಮಹಡಿ ಹತ್ತಿ, ಗಂಡನ ಕಿವಿಯಿಂದ ಹೆಡ್‌ಫೋನು ಕಿತ್ತಳು.

“ರೀ, ಜಹೀದಾ ಆಂಟಿ ಮನೆ ಎಲ್ಲೈತೆ?”

“ಚನ್ನಪಟ್ಟಣದಲ್ಲಿ.”

“ನಿಮ್ಮ ಫೋನು ಹೇಳ್ತಾ ಐತೆ, ನಮ್ಮಪ್ಪನ ಹುಳಮನೇಲಿ ಐತಂತೆ.”

ಬಾಲರಾಜು ನಕ್ಷೆ ತೆರೆದ. ನೋಡಿದ. ಕುರ್ಚಿಯ ಮೇಲೆ ಕೂತಿದ್ದವನು ಇನ್ನೊಮ್ಮೆ ಕೂತ.

“ಐದು ನಿಮಿಷ,” ಎಂದ. ಆ ವೃತ್ತಿಯವರೆಲ್ಲ ಹೇಳುವುದು ಅದನ್ನೇ.

ಗುರುತನ್ನು ಬದಲಿಸಿ ಎಂದು ಕೋರಿಕೆ ಕಳಿಸಿದ. ಪುಟವನ್ನೇ ಕಿತ್ತುಹಾಕೋಣವೆಂದರೆ, ಆಮೇಲೆ ಇಪ್ಪತ್ತು ಜನ ಬರುವುದೆಲ್ಲಿಂದ? ನಕ್ಷೆಯ ಯಂತ್ರ ನ್ಯಾಯವಂತ ಯಂತ್ರ. ಒಬ್ಬನ ಮಾತು ನಂಬುವುದಿಲ್ಲ. ಆಸುಪಾಸಿನ ಫೋನುಗಳಿಗೆಲ್ಲ ಒಂದು ಪ್ರಶ್ನೆ ಕಳಿಸಿತು: ಜಹೀದಾ ಬೊಂಬೆ ಮನೆ ಇಲ್ಲಿ ಇದೆಯೇ?

ಬೋರಲಿಂಗಯ್ಯ ಎಳನೀರು ಕೊಚ್ಚುವ ಮಚ್ಚು ಕೆಳಗಿಟ್ಟು, ಹೌದು ಎಂದು ಒತ್ತಿದ. ಹೆಂಡತಿ ಚಿಕ್ಕಲಕ್ಷ್ಮಮ್ಮನ ಕೈಲೂ ಒತ್ತಿಸಿದ. ಡೇರಿಯಲ್ಲಿ ಹಾಲು ಹಾಕುವವರ ಕೈಲೆಲ್ಲ ಒತ್ತಿಸಿದ. ಗುರುವಾರ ಬೆಳಿಗ್ಗೆ ತೀರ್ಪು ಬಂತು. ಇದೆ ಎಂದವರು ಹತ್ತೊಂಬತ್ತು, ಇಲ್ಲ ಎಂದವನು ಒಬ್ಬ. ಕೋರಿಕೆ ತಿರಸ್ಕೃತ.

“ಏನ್ ಬೋರಣ್ಣ, ಹಿಂಗ್ ಮಾಡ್ಬುಟ್ರಿ?” ಎಂದ ಬಾಲರಾಜು.

“ಒಂದೇ ಕಿತ ಒತ್ತಿದ್ದು ಅಳಿಯಂದ್ರೇ. ನೀವೇ ಯೋಳಿದ್ರಲ್ಲ, ಯೋಚ್ನೆ ಮಾಡ್ಬ್ಯಾಡಿ ಅಂತ,” ಎಂದು ಬೋರಲಿಂಗಯ್ಯ ಒಂದು ಎಳನೀರು ಕೊಟ್ಟ. “ಒಸಿ ದಿನ ಇರ್ಲಿ ಬುಡಿ. ಪಾಪ, ಜನ ಎಲ್ಲೆಲ್ಲಿಂದಲೋ ಬತ್ತಾವ್ರೆ.”

ಬಾಲರಾಜು ರಟ್ಟಿನ ಮೇಲೆ ‘ಬೊಂಬೆ ಇಲ್ಲಿಲ್ಲ, ಚನ್ನಪಟ್ಟಣಕ್ಕೆ ಹೋಗಿ’ ಎಂದು ಬರೆದು ಗೇಟಿಗೆ ಕಟ್ಟಿದ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸಂಜೆಗೆ ಬೋರಲಿಂಗಯ್ಯ ಅದರ ಮೊಳೆಗೇ ಎಳನೀರಿನ ಗೊನೆ ನೇತುಹಾಕಿದ್ದ.

ಮನೆಯೊಳಗೆ ಬೇರೊಂದು ಯುದ್ಧ ಶುರುವಾಗಿತ್ತು. ನಕ್ಷತ್ರಗಳ ವಿಷಯ ರಾಮಲಿಂಗಯ್ಯನವರ ಕಿವಿಗೆ ಬಿದ್ದಿತ್ತು.

“ನಂಗೆ ಒಂದು, ಅವಳ್ಗೆ ಐದಾ? ಹೊತ್ತಾರೆಯಿಂದ ಸೊಪ್ಪು ಹೊರೋನು ನಾನು!”

“ನೀವೂ ಮಜ್ಗೆ ಕೊಟ್ಟು ನಕ್ಕಂಡು ಮಾತಾಡಿ, ಕೊಡ್ತಾರೆ,” ಎಂದಳು ಸರಸಮ್ಮ, ಕಡಗೋಲು ನಿಲ್ಲಿಸದೆ.

ಶುಕ್ರವಾರ ಪಂಚಾಯಿತಿಯ ಅಧಿಕಾರಿಯೊಬ್ಬರು ಸ್ಕೂಟರಿನಲ್ಲಿ ಬಂದು, ಬೊಂಬೆ ಉದ್ದಿಮೆ ನಡೆಸಲು ಪರವಾನಗಿ ಎಲ್ಲಿ ಎಂದು ಕೇಳಿದರು.

“ಬೊಂಬೆ ಇಲ್ಲ ಸ್ವಾಮಿ,” ಎಂದರು ರಾಮಲಿಂಗಯ್ಯ.

“ಫೋನಲ್ಲಿ ಐತೆ.”

“ಫೋನಲ್ಲಿದ್ರೆ ಫೋನ್ಗೇ ನೋಟೀಸು ಕೊಡಿ.”

“ಇಲ್ಲ ಅನ್ನೋದಾದ್ರೆ, ಇಲ್ಲ ಅಂತ ಅರ್ಜಿ ಬರ್ಕೊಡಿ. ಸ್ಥಳ ತನಿಖೆ ಮಾಡಿ, ಇಲ್ಲದೆ ಇರೋದು ಖಾತ್ರಿಯಾದ ಮೇಲೆ ಇಲ್ಲ ಅಂತ ಪತ್ರ ಕೊಡ್ತೀವಿ.” ಅಧಿಕಾರಿ ಮಜ್ಜಿಗೆ ಕುಡಿದು ಲೋಟ ಇಟ್ಟರು. ಸ್ಕೂಟರು ಹತ್ತುವಾಗ ದನಿ ತಗ್ಗಿಸಿ, “ಮೊಮ್ಮಗೀಗೆ ಒಂದು ಗಿಲಕಿ ಇದ್ರೆ ಕೊಟ್ಬುಡಿ ಗೌಡ್ರೇ, ಯಾರ್ಗೂ ಹೇಳಲ್ಲ,” ಎಂದರು.

ಅವತ್ತು ಉಣ್ಣಲು ಕೂತಾಗ ರಾಮಲಿಂಗಯ್ಯ ಅಳಿಯನ ಕಡೆ ನೋಡದೆ ಹೇಳಿದರು. “ಭಾನ್ವಾರ ಹುಳ ಚಂದ್ರಿಕೆ ಹತ್ತುತವೆ. ಅವತ್ತು ಒಂದು ಸೆಂಟಿನ ಮೈ ನನ್ ಗೇಟ್ ದಾಟಿದ್ರೆ, ನಿನ್ ಗಂಟುಮೂಟೆ ಆಚೆ ಮಡಗ್ತೀನಿ. ಮಗಳು ಇಲ್ಲೇ ಇರ್ಲಿ.”

ಬಾಲರಾಜುವಿಗೆ ಗಂಟುಮೂಟೆಗಿಂತ, ಸಾನಾ ರಮ್ಯಾಳಿಗೆ ಹೇಳಿದ್ದ ಆ ನಲವತ್ತು ಲೋಟ ಟೀಯೇ ಭಾರವಾಗಿತ್ತು. ಜಹೀದಾ ಬುಧವಾರದಿಂದ ಒಮ್ಮೆಯೂ ಫೋನು ಮಾಡಿರಲಿಲ್ಲ.

ಭಾನುವಾರ ಹತ್ತೂವರೆಗೆಲ್ಲ ಗೇಟಿನ ಮುಂದೆ ಐದು ಕಾರು, ಒಂದು ವ್ಯಾನು. ಒಳಗೆ ಮಾವ ಬಾಗಿಲಿಗೆ ಅಡ್ಡ ನಿಂತಿದ್ದರು, ಕೈಯಲ್ಲಿ ಬ್ಲೀಚಿಂಗ್ ಪುಡಿಯ ಬಕೆಟ್ಟು. ಹನ್ನೊಂದಕ್ಕೆ ಮುಕ್ತಿಯಾರ್ ಚನ್ನಪಟ್ಟಣಕ್ಕೆ ಬರುವವನಿದ್ದ. ರಮ್ಯಾ ಬೆಳಿಗ್ಗೆಯೇ ಜಹೀದಾಳ ಮನೆಗೆ ಹೋಗಿದ್ದಳು, ಲೇತು ಹೋಗುವಾಗ ಅವಳ ಪಕ್ಕದಲ್ಲಿ ಯಾರಾದರೂ ಇರಲಿ ಎಂದು.

ಬಾಲರಾಜು ಕೈಮುಗಿದ. “ದಯವಿಟ್ಟು ನನ್ನ ಹಿಂದೆ ಬನ್ನಿ. ಬೊಂಬೆ ಮನೆ ಚನ್ನಪಟ್ಟಣದಲ್ಲಿದೆ. ಮುಕ್ಕಾಲು ಗಂಟೆ ದಾರಿ.”

“ನೀವ್ಯಾರು?” ಎಂದರು ತಂಪುಕನ್ನಡಕದ ಒಬ್ಬರು.

“ಈ ಪುಟ ಮಾಡಿದವನು.”

“ಹಾಗಂತ ಪುಟದಲ್ಲಿ ಇಲ್ವಲ್ಲ.”

“ರಾಮನಗರದ ಸರ್ಕಲ್‌ಗೆ ಹೋಗಿ, ಎಡಕ್ಕೆ ತಿರುಗಿ ಹಳೇ ರಸ್ತೆ ಹಿಡಿದ್ರೆ—”

“ಲೊಕೇಶನ್ ಕಳಿಸಿ,” ಎಂದು ವ್ಯಾನಿನೊಳಗಿನಿಂದ ಹೆಂಗಸೊಬ್ಬಳು ಕೂಗಿದಳು. “ಬಾಯಲ್ಲಿ ಹೇಳಿದ್ರೆ ಹೆಂಗೆ ಹೋಗೋದು?”

ಬಾಲರಾಜು ನಿಂತಲ್ಲೇ ನಿಂತ. ಹತ್ತು ವರ್ಷ ಅವನು ಈ ಜನಕ್ಕೆಂದೇ ಪುಟ ಕುಗ್ಗಿಸಿದ್ದ. ಎದುರಿಗೆ ನಿಂತು ಮಾತಾಡಿದ್ದು ಇದೇ ಮೊದಲು. ಇವರು ಮನುಷ್ಯನ ಹಿಂದೆ ಬರುವುದಿಲ್ಲ, ಚುಕ್ಕೆಯ ಹಿಂದೆ ಬರುತ್ತಾರೆ. ಹಾಗಾದರೆ ತಾನೇ ಚುಕ್ಕೆಯಾಗಬೇಕು.

ಮಹಡಿಗೆ ಓಡಿ, ತಾನು ಚಲಿಸಿದಂತೆ ಚಲಿಸುವ ಗುರುತಿನ ಒಂದು ಕ್ಯೂಆರ್ ಕೋಡ್ ಮುದ್ರಿಸಿ ತಂದು ಗೇಟಿಗಂಟಿಸಿದ. ಎಲ್ಲರೂ ಖುಷಿಯಿಂದ ಫೋನು ಹಿಡಿದು ಒತ್ತಿದರು. ಎಲ್ಲರ ಪರದೆಯ ಮೇಲೂ ಒಂದು ನೀಲಿ ಚುಕ್ಕೆ ಮೂಡಿತು. ಚುಕ್ಕೆ ಮಾವನ ಮೊಪೆಡ್ ಹತ್ತಿ, ಒದ್ದು, ಹೊರಟಿತು.

ಒಂದು ಸೆಂಟಿನ ಮೈಯೂ ಮಾವನ ಗೇಟು ದಾಟದೆ, ಹಿಂದೆ ಐದು ಕಾರು, ಒಂದು ವ್ಯಾನು. ಮುಂದೆ ಹತ್ತು ಮಾರು ದೂರದಲ್ಲಿ, ಹಿಂಬದಿಗೆ ಸೊಪ್ಪಿನ ಹಗ್ಗ ನೇತಾಡುವ ಮೊಪೆಡ್ಡಿನ ಮೇಲೆ ಬಾಲರಾಜು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಫೋನಿನಲ್ಲಿ ಅವನನ್ನು ನೋಡುತ್ತಿದ್ದರು. ರಾಮನಗರದ ಸರ್ಕಲ್ಲಿನಲ್ಲಿ ಗಾಬರಿಯಿಂದ ತಿರುವು ತಪ್ಪಿಸಿಕೊಂಡು ಎರಡು ಸುತ್ತು ಹಾಕಿದ. ಆರೂ ಗಾಡಿಗಳು ಭಕ್ತಿಯಿಂದ ಎರಡು ಸುತ್ತು ಹಾಕಿದವು. ಟ್ರಾಫಿಕ್ ಪೊಲೀಸಿನವನು ಯಾರೋ ದೊಡ್ಡವರ ಸವಾರಿಯೆಂದು ಉಳಿದವರನ್ನೆಲ್ಲ ತಡೆದು ನಿಲ್ಲಿಸಿ ಸೆಲ್ಯೂಟು ಹೊಡೆದ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ರಮ್ಯಾ.

“ರೀ, ಮುಕ್ತಿಯಾರ್ ಬಂದವ್ನೆ. ನಾಲ್ಕು ಬೋಲ್ಟು. ಒಂದು ಬಿಚ್ದ.”

“ಬತ್ತಾ ಇದ್ದೀನಿ!”

ಚನ್ನಪಟ್ಟಣ ಹತ್ತಿರವಾದಾಗ ಇನ್ನೊಮ್ಮೆ. “ಎರಡು.”

ಊರೊಳಗೆ ಬಂದಾಗ ಮತ್ತೊಮ್ಮೆ. “ಮೂರನೇದು ತುಕ್ಕು ಹಿಡ್ದೈತೆ. ಎಣ್ಣೆ ಬುಡ್ತಾವ್ನೆ. ಬೇಗ ಬನ್ನಿ, ಆಂಟಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತವ್ರೆ.”

ಗಲ್ಲಿಗೆ ಕಾರು ಹಿಡಿಯಲಿಲ್ಲ. ಎಲ್ಲರೂ ಇಳಿದು ನಡೆದರು, ಕಣ್ಣು ಪರದೆಯ ಮೇಲೇ. ಜಹೀದಾಳ ಬಾಗಿಲು ಇನ್ನು ಮೂವತ್ತು ಹೆಜ್ಜೆ ಇರುವಾಗ, ಮೂರು ಸಲ ಮಾತಾಡಿ ದಣಿದ ಬಾಲರಾಜುವಿನ ಫೋನು ಕಣ್ಣು ಮುಚ್ಚಿತು. ಚುಕ್ಕೆ ಮಾಯವಾಯಿತು. ಜನರೆಲ್ಲ ಗಕ್ಕನೆ ನಿಂತರು.

“ಹೋಯ್ತು,” ಎಂದರು ತಂಪುಕನ್ನಡಕದವರು. “ಎಲ್ಲಿ ಹೋದ್ನೋ ಗೊತ್ತಾಗ್ತಿಲ್ಲ.”

“ಇಲ್ಲೇ ಇದ್ದೀನಿ ಸಾರ್!” ಬಾಲರಾಜು ಅವರ ಮುಂದೆಯೇ ಎರಡೂ ಕೈ ಬೀಸಿದ.

“ಒಸಿ ಇರಪ್ಪ, ಸಿಗ್ನಲ್ ಬರ್ಲಿ.”

ಇಬ್ಬರು ಹಿಂದಕ್ಕೆ ತಿರುಗಿದರು. ಒಬ್ಬರು ಫೋನನ್ನು ಆಕಾಶಕ್ಕೆ ಎತ್ತಿದರು. ಬಾಲರಾಜು ಒಬ್ಬೊಬ್ಬರ ತೋಳು ಹಿಡಿದು, ಇದೇ ಮನೆ, ಅದೇ ಬಾಗಿಲು ಎಂದು ಬೇಡಿಕೊಂಡ. ಅವನ ದನಿ ಒಡೆಯಿತು. ಆ ಒಡೆದ ದನಿ ಮೂವತ್ತು ಹೆಜ್ಜೆ ದಾಟಿ ಒಳಗೆ ಹೋಗಿರಬೇಕು. ಜಹೀದಾ ಹೊರಗೆ ಬಂದಳು. ಗಲ್ಲಿ ತುಂಬ ನಿಂತ ಜನರನ್ನು ಒಂದು ಕ್ಷಣ ನೋಡಿದಳು. ಆಮೇಲೆ ಸೆರಗನ್ನು ತಲೆಗೆ ಎಳೆದುಕೊಂಡು, ಸಂತೆಯಲ್ಲಿ ಕೂಗಿದ ಹಾಗೆ ಕೂಗಿದಳು.

“ಬರೋರು ಬನ್ನಿ! ಬೋಲ್ಟು ಬಿಚ್ತಾ ಅವ್ರೆ!”

ಎಲ್ಲರೂ ತಲೆಯೆತ್ತಿದರು. ಎತ್ತಿದ ಮೇಲೆ ಬಾಗಿಲು ಕಂಡಿತು. ಬಾಗಿಲೊಳಗೆ ಗೋಡೆಯುದ್ದಕ್ಕೂ ಕೆಂಪು, ಹಳದಿ, ಹಸಿರು ಕಂಡಿತು.

ಒಳಗೆ ಮುಕ್ತಿಯಾರ್ ನೆಲದ ಮೇಲೆ ಕೂತಿದ್ದ, ಮೂರನೆಯ ಬೋಲ್ಟು ಅಂಗೈಯಲ್ಲಿ, ಸ್ಪ್ಯಾನರ್ ನಾಲ್ಕನೆಯದರ ಮೇಲೆ. “ಆಪಾ, ಮಾತಾಗಿತ್ತಲ್ಲ?”

“ಇಪ್ಪತ್ತು ಜನ ಬಂದ್ರೆ ನಿನ್ನ ವಾಪಸ್ ಕಳಿಸ್ತೀನಿ ಅಂತ ಆ ಹುಡುಗನಿಗೂ ಮಾತು ಕೊಟ್ಟಿದ್ದೆ. ಎಣಿಸ್ಕೋ.”

ಮುಕ್ತಿಯಾರ್ ಎಣಿಸಿದ. ನಂಬದೆ ಮತ್ತೆ ಎಣಿಸಿದ. ಇಪ್ಪತ್ತೆರಡು.

“ಚುಕ್ಕೆ ಹುಡುಗನ್ನ ಲೆಕ್ಕಕ್ಕೆ ತಗೋಬೇಡಿ,” ಎಂದ ಹೊರಗಿನಿಂದ ಸಮೀವುಲ್ಲಾ.

“ಅವನನ್ನ ಬಿಟ್ಟೇ ಎಣಿಸಿದ್ದು,” ಎಂದ ಮುಕ್ತಿಯಾರ್. ದೊಡ್ಡ ಉಸಿರು ಬಿಟ್ಟು ಮಂಡಿಯೂರಿ, ಬಿಚ್ಚಿದ ಬೋಲ್ಟುಗಳನ್ನು ಒಂದೊಂದಾಗಿ ಹಾಕಿ ಬಿಗಿದ. ತುಕ್ಕಿನದಕ್ಕೆ ಇನ್ನೊಂದು ಹನಿ ಎಣ್ಣೆ ಬಿಟ್ಟ. ಕೊನೆಗೆ ಲೇತನ್ನು ಒಮ್ಮೆ ಅಲುಗಿಸಿ ನೋಡಿ, “ಅಲ್ಲಾಡಲ್ಲ ಆಪಾ, ಕೂತ್ಕೊಳ್ಳಿ,” ಎಂದ.

ಜಹೀದಾ ಕೂತಳು. ಹಾಲೆ ಮರದ ತುಂಡೊಂದನ್ನು ಸಿಕ್ಕಿಸಿ ಗುಂಡಿ ಒತ್ತಿದಳು. ಉಳಿ ತಾಗಿದಲ್ಲಿ ಬಿಳಿ ಹೊಟ್ಟು ಸುರುಳಿಸುರುಳಿಯಾಗಿ ಹಾರಿತು, ಮರ ಸೊಂಟ ಬಳುಕಿಸಿ ಬುಗುರಿಯಾಯಿತು. ಅರಗಿನ ಕಡ್ಡಿ ಮುಟ್ಟಿಸಿದಾಗ ತಿರುಗುವ ಬಿಸಿಗೆ ಕೆಂಪು ಕರಗಿ ಹರಡಿತು. ತಾಳೆಗರಿ ಒತ್ತಿ ಹಿಡಿದಳು. ಕೆಂಪಿಗೆ ಬೆಳಕು ಬಂತು. ಇಡೀ ಹೊತ್ತು ಅವಳು ತಲೆಯೆತ್ತಲಿಲ್ಲ. ಬಿಸಿ ಬುಗುರಿಯನ್ನು ಬಿಡಿಸಿ, ಹತ್ತಿರ ನಿಂತಿದ್ದ ವ್ಯಾನಿನ ಹೆಂಗಸಿನ ಕೈಗೆ ಹಾಕಿ, “ಸುಡ್ತದೆ, ಸೆರಗಲ್ಲಿ ಹಿಡ್ಕೊ,” ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿದಳು. “ಮುಂದಿನದು ಯಾರಿಗೆ?”

ಇಪ್ಪತ್ತು ಕೈ ಒಟ್ಟಿಗೆ ಮೇಲೆದ್ದವು.

ಬಾಲರಾಜು ಹೊರಗೆ ಜಗಲಿಯ ಮೇಲೆ ಕೂತ. ಬಾಗಿಲ ಮುಂದೆ ನಲವತ್ತನಾಲ್ಕು ಚಪ್ಪಲಿಗಳು ಒಂದರ ಮೇಲೊಂದು ಬಿದ್ದು, ಗಲ್ಲಿ ದಾಟಿ ಸಮೀವುಲ್ಲಾನ ಹೊಸ್ತಿಲನ್ನೂ ಹತ್ತಿದ್ದವು. ಸಮೀವುಲ್ಲಾ ಟೀ ತರಲು ಹೊರಟವನು ಅವುಗಳ ನಡುವೆ ಕಾಲಿಡಲು ಜಾಗ ಕಾಣದೆ ಬಾಗಿಲಲ್ಲೇ ನಿಂತು, “ಜಹೀದಾ, ನಾನು ಆಚೆ ಬರೋದು ಹೆಂಗೆ?” ಎಂದು ಕೂಗುತ್ತಿದ್ದ. ಲೇತಿನ ಸದ್ದಿನಲ್ಲಿ ಒಳಗೆ ಯಾರಿಗೂ ಅದು ಕೇಳಿಸಲಿಲ್ಲ.

ಹೀಗೆ ಆ ಅಳಿಯ ಆಡಿದ ಮಾತು, ಆ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ನಡೆದುಹೋಯಿತು.